ಹಳೆ ವಾಚು, ಲೋಗೋ ಇರುವ ಕ್ರೌನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ವಾಚಿನ ಹುಚ್ಚು ಹಿಡಿದವರು ಬೆಂಗಳೂರಿನಲ್ಲಿ ಕಡಿಮೆ ಏನಿಲ್ಲ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆ ಹೋದರೆ ಸಾಕು. ರಸ್ತೆಬದಿಯ ಟಾರ್ಪಾಲಿನ ಮೇಲೆ ಬಗ್ಗಿ ನಿಂತ ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರೆಲ್ಲ ಮೊದಲು ಡಯಲ್ ನೋಡುತ್ತಾರೆ. ಮನೆಗೆ ಹೋದ ಮೇಲೆ ಕ್ರೌನ್ ನೋಡುತ್ತಾರೆ. ಆಮೇಲೆ ಈ ಕ್ರೌನ್ ವಾಚಿನ ಜೊತೆಗೇ ಬಂದಿದ್ದಾ, ಯಾರಾದರೂ ಬದಲಾಯಿಸಿದ್ದಾ ಅಂತ ಕೇಳಿ ನನಗೆ ಫೋಟೋ ಕಳಿಸುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಹಿಡಿದು ಕೂತವರಿಗೆ.

## ಈಗಷ್ಟೇ ಶುರು ಮಾಡಿದವರಿಗೆ

ಕ್ರೌನ್ ಅಂದ್ರೆ ಕೀ ಕೊಡೋ ಗುಂಡಿನೇ ಅಲ್ವಾ?

ಅದೇ. ಮನೆಯಲ್ಲಿ ಅದು ಕೀ. ರಿಪೇರಿಯವರ ಬಾಯಲ್ಲಿ ಚಾವಿ ಅಂತಲೂ ಕೇಳಿರಬಹುದು. ಇದರ ಜೊತೆ ಇನ್ನೂ ಮೂರು ಹೆಸರು ತಿಳಿದಿರಲಿ. ಕ್ರೌನ್‌ನಿಂದ ವಾಚಿನ ಒಳಗೆ ಹೋಗುವ ತೆಳು ಕಡ್ಡಿ ಸ್ಟೆಮ್. ಆ ಕಡ್ಡಿ ಹಾದುಹೋಗುವ ಸಣ್ಣ ಕೊಳವೆ ಟ್ಯೂಬ್. ಬೆರಳಿಗೆ ಹಿಡಿತ ಸಿಗಲಿ ಅಂತ ಅಂಚಿನಲ್ಲಿ ಕೊರೆದಿರುವ ಗೆರೆಗಳು ಹಲ್ಲು.

ಕ್ರೌನ್ ಸ್ಟೆಮ್ಮಿನ ತುದಿಗೆ ಸ್ಕ್ರೂ ಥರ ಕೂರುತ್ತದೆ, ಅಷ್ಟೇ. ಸ್ಟೆಮ್ ಹೊರಗೆ ಎಳೆದು, ಹಳೆ ಕ್ರೌನ್ ಬಿಚ್ಚಿ, ಹೊಸದು ತಿರುಗಿಸಿದರೆ ಕೆಲಸ ಮುಗಿಯಿತು. ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ.

ಕ್ರೌನ್ ನೋಡಿ ವಾಚು ಯಾವ ವರ್ಷದ್ದು ಅಂತ ಹೇಳ್ತೀರಾ?

ಇಲ್ಲ. ಯಾರಾದರೂ ಹೇಳುತ್ತೇನೆ ಅಂದರೆ ನಂಬಬೇಡಿ. ಸ್ಕೂಟರಿನ ಟೈರ್ ನೋಡಿ ಸ್ಕೂಟರ್ ಯಾವ ವರ್ಷದ್ದು ಅಂತ ಹೇಳೋಕಾಗುತ್ತಾ? ಕ್ರೌನ್ ಹೇಳುವುದು ತನ್ನ ವಯಸ್ಸನ್ನು ಮಾತ್ರ. ಅದು ಸವೆಯುವ ಸಾಮಾನು. ಕೀ ಕೊಡುವ ವಾಚಾದರೆ ದಿನಾ ಬೆಳಗ್ಗೆ ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿಸಿಕೊಳ್ಳುತ್ತದೆ. ಇಪ್ಪತ್ತು, ಮೂವತ್ತು ವರ್ಷಕ್ಕೆ ಹಲ್ಲು ಹೋಗುತ್ತದೆ, ಬದಲಾಯಿಸುತ್ತಾರೆ.

ಆದರೆ ಸುಳ್ಳು ಹಿಡಿಯೋಕೆ ಕ್ರೌನ್ ಬಹಳ ಉಪಯೋಗ. ಒಂದು ಗುರುತು ಇಂಥ ವರ್ಷಕ್ಕಿಂತ ಮೊದಲು ಇರಲೇ ಇಲ್ಲ ಅನ್ನುವುದು ಗೊತ್ತಿದ್ದರೆ, ಅದಕ್ಕಿಂತ ಹಳೆಯ ವಾಚಿನ ಮೇಲೆ ಆ ಗುರುತು ಕಂಡಾಗ ಬದಲಾದ ಕ್ರೌನ್ ಅಂತ ಖಚಿತವಾಗಿ ಹೇಳಬಹುದು. ಉಲ್ಟಾ ಹೇಳೋಕಾಗಲ್ಲ. ಕಾಲಕ್ಕೆ ಹೊಂದುವ ಕ್ರೌನ್ ಕಂಡರೂ ಅದು ಅದೇ ವಾಚಿನ ಜೊತೆ ಹುಟ್ಟಿದ್ದು ಅನ್ನೋಕೆ ಬೇರೆ ಸಾಕ್ಷಿ ಬೇಕು.

ಹಾಗಾದ್ರೆ ವಾಚಿನ ವರ್ಷ ಮೊದಲು ಹೇಗೆ ಗೊತ್ತು ಮಾಡ್ಕೊಳ್ಳೋದು?

ಹಿಂದಿನ ಮುಚ್ಚಳ ತೆಗೆಸಿ. ಒಂದೊಂದು ಕಂಪನಿಯದು ಒಂದೊಂದು ದಾರಿ.

ಒಮೆಗಾದಲ್ಲಿ ಒಳಗಿನ ಮೆಷಿನ್ ಮೇಲೆ ಏಳೆಂಟು ಅಂಕಿಯ ನಂಬರ್ ಇರುತ್ತದೆ. ನಂಬರ್ ಒಂದು ಕೋಟಿಯ ಆಸುಪಾಸಿದ್ದರೆ 1944ರ ಹೊತ್ತಿನದು. ಒಂದೂವರೆ ಕೋಟಿ ಅಂದರೆ ಸುಮಾರು 1956. ಎರಡು ಕೋಟಿ ಅಂದರೆ ಸುಮಾರು 1963. ಒಂದೆರಡು ವರ್ಷ ಹಿಂದೆ ಮುಂದೆ ಆಗಬಹುದು.

1950, 60ರ ದಶಕದ ಎಷ್ಟೋ ರೋಲೆಕ್ಸ್‌ಗಳ ಮುಚ್ಚಳದ ಒಳಮೈಯಲ್ಲಿ ರೋಮನ್ ಅಂಕಿ, ಪಕ್ಕದಲ್ಲಿ ವರ್ಷದ ಕೊನೆ ಎರಡು ಅಂಕಿ ಇರುತ್ತವೆ. ರೋಮನ್ ಎರಡು ಮತ್ತು 57 ಇದ್ದರೆ 1957ರ ಎರಡನೇ ಮೂರು ತಿಂಗಳು.

ಸೈಕೋ ಎಲ್ಲಕ್ಕಿಂತ ಸುಲಭ. ಮುಚ್ಚಳದ ಹೊರಗಿನ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷ, ಎರಡನೆಯದು ತಿಂಗಳು. ಅಕ್ಟೋಬರ್‌ಗೆ ಓ, ನವೆಂಬರ್‌ಗೆ ಎನ್, ಡಿಸೆಂಬರ್‌ಗೆ ಡಿ. ದಶಕ ಮಾತ್ರ ನೀವೇ ಊಹಿಸಬೇಕು. 7 ಅಂದರೆ 1967 ಇರಬಹುದು, 1977 ಇರಬಹುದು. ಅದನ್ನು ಮಾಡೆಲ್ ಹೇಳುತ್ತದೆ.

ಈ ವರ್ಷವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡ ಮೇಲೇ ಕ್ರೌನ್ ಕಡೆ ತಿರುಗಿ.

ನಮ್ಮ ತಾತನ ವಾಚು. ಕ್ರೌನ್ ಮೇಲೆ ಲೋಗೋನೇ ಇಲ್ಲ. ಯಾರೋ ಬದಲಾಯಿಸಿಬಿಟ್ಟಿದ್ದಾರಾ?

ಗಾಬರಿ ಬೇಡ. ಎಲ್ಲಾ ವಾಚುಗಳಿಗೂ ಲೋಗೋ ಇರಲಿಲ್ಲ. ಕ್ರೌನ್ ಮಾಡುವ ಸಣ್ಣ ಕಾರ್ಖಾನೆಗಳೇ ಸ್ವಿಟ್ಜರ್ಲೆಂಡಿನಲ್ಲಿ ಬೇರೆ ಇದ್ದವು. ವಾಚು ಕಂಪನಿಗಳು ಅವರಿಂದ ಕೊಳ್ಳುತ್ತಿದ್ದವು. 1930ರ ದಶಕದ ಒಳ್ಳೊಳ್ಳೆ ವಾಚುಗಳಲ್ಲೂ ಬರೀ ಕ್ರೌನ್ ಇರುವುದು ಮಾಮೂಲು. ಲೋಗೋ ಹಾಕುವುದು ಜೋರಾಗಿದ್ದು ಎರಡನೇ ಮಹಾಯುದ್ಧದ ನಂತರ. ಆಗಲೂ ಮೊದಲು ದುಬಾರಿ ಮಾಡೆಲ್‌ಗಳಿಗೆ.

ಹಾಗಾಗಿ 1938ರ ಒಮೆಗಾ ಮೇಲೆ ಬರೀ ಕ್ರೌನ್ ಕಂಡರೆ ನನಗೆ ಸಮಾಧಾನ. ಅದರ ಮೇಲೆ ಹೊಳೆಯುವ ಒಮೆಗಾ ಗುರುತು ಕಂಡರೆ ಅನುಮಾನ. ಹೊಸಬರು ಇದನ್ನು ಉಲ್ಟಾ ತಿಳಿದಿರುತ್ತಾರೆ.

ಲೋಗೋ ತಲೆಕೆಳಗಾಗಿ ನಿಂತಿದೆ. ನಕಲಿನಾ?

ಅಲ್ಲ. ಕ್ರೌನ್ ಎಲ್ಲಿ ನಿಂತಿತೋ ಲೋಗೋನೂ ಅಲ್ಲೇ. ನೀರು ಹೋಗದ ಹಾಗೆ ವಾಚಿನ ಮೈಗೆ ತಿರುಗಿಸಿ ಬಿಗಿ ಮಾಡುವ ಕ್ರೌನ್ ಕೂಡ ಥ್ರೆಡ್ ಮುಗಿದ ಕಡೆ ನಿಲ್ಲುತ್ತದೆ. ನೆಟ್ಟಗೆ ನಿಲ್ಲಬೇಕು ಅನ್ನುವ ನಿಯಮವೇನೂ ಇಲ್ಲ. ಫೋಟೋಗಳಲ್ಲಿ ನೆಟ್ಟಗೆ ಕಾಣುವುದು ಫೋಟೋಗ್ರಾಫರ್ ತಿರುಗಿಸಿ ಇಟ್ಟಿದ್ದಕ್ಕೆ.

ಆದರೆ ಲೋಗೋ ಕ್ರೌನಿನ ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಜರುಗಿದ್ದರೆ ಅದು ಬೇರೆ ವಿಷಯ. ಅದು ಅಚ್ಚಿನ ತಪ್ಪು. ದೊಡ್ಡ ಕಂಪನಿಯ ಕ್ರೌನಿನಲ್ಲಿ ನಾನು ಅದನ್ನು ಕಂಡಿಲ್ಲ.

ನಮ್ಮೂರಲ್ಲಿ ಸಿಗೋ ಹಳೆ ವಾಚುಗಳಲ್ಲಿ ಸರಿಯಾದ ಕ್ರೌನ್ ಯಾಕೆ ಅಪರೂಪ?

ಎರಡು ಕಾರಣ. ಒಂದು ಬೆವರು ಮತ್ತು ಧೂಳು. ಹಿತ್ತಾಳೆ ಕ್ರೌನಿನ ಮೇಲಿನ ಲೇಪ ನಮ್ಮ ಬೇಸಿಗೆಗೆ ನಿಲ್ಲಲ್ಲ. ಇನ್ನೊಂದು ಪರ್ಮಿಟ್ ಕಾಲದ ಕಥೆ. ವಿದೇಶಿ ವಾಚು ತರಿಸೋಕೆ ಲೈಸೆನ್ಸ್ ಬೇಕಿತ್ತು, ಕಳ್ಳಸಾಗಣೆಯಲ್ಲಿ ಬಂದವೇ ಎಷ್ಟೋ. ವಾಚು ಹೇಗೋ ಬಂತು, ಅದರ ಬಿಡಿಭಾಗ ಎಲ್ಲಿಂದ ತರೋದು? ರಿಪೇರಿಯವರು ಕೈಗೆ ಸಿಕ್ಕಿದ್ದು ಹಾಕಿದರು. ಅದರಲ್ಲಿ ಮೋಸ ಇರಲಿಲ್ಲ. ವಾಚು ಓಡಬೇಕಿತ್ತು, ಓಡಿತು.

ಮೋಸ ಶುರುವಾಗಿದ್ದು ಆಮೇಲೆ. ಹಳೆ ವಾಚಿಗೆ ಹೊಸ ಬಣ್ಣದ ಡಯಲ್, ಬೇರೆ ಮುಳ್ಳು, ಲೋಗೋ ಹಾಕಿದ ಅಗ್ಗದ ಕ್ರೌನ್ ಕೂರಿಸಿ ಮಾರುವ ಧಂದೆ ಬಂತು. ಸಂಗ್ರಹಕಾರರು ಇವನ್ನು ಮುಂಬೈ ಸ್ಪೆಷಲ್ ಅನ್ನುತ್ತಾರೆ. ನಾನು ಬಿಸಿಬೇಳೆಬಾತ್ ಅನ್ನುತ್ತೇನೆ. ಆದರೆ ಬಿಸಿಬೇಳೆಬಾತ್ ತಿನ್ನೋಕಾದರೂ ಚೆನ್ನಾಗಿರುತ್ತೆ.

## ಒಂದೊಂದು ಕಂಪನಿಯ ಕಥೆ

ಎಚ್‌ಎಂಟಿ ಜನತಾ ತಗೊಂಡೆ, ಕ್ರೌನ್ ಮೇಲೆ ಎಚ್‌ಎಂಟಿ ಅಂತ ಇಲ್ಲ. ಡೂಪ್ಲಿಕೇಟಾ?

ಬೆಂಗಳೂರಿನಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ಎಚ್‌ಎಂಟಿ ನಮ್ಮ ಊರಿನದು ತಾನೆ. 1953ರಲ್ಲಿ ಮೆಷಿನ್ ಟೂಲ್ಸ್ ಕಂಪನಿಯಾಗಿ ಶುರುವಾಗಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡೋಕೆ ಇಳಿಯಿತು. ಜಾಲಹಳ್ಳಿ ಕಡೆ ಈಗಲೂ ಎಚ್‌ಎಂಟಿ ಅನ್ನದೆ ಯಾರೂ ವಿಳಾಸ ಹೇಳಲ್ಲ.

ನನ್ನ ಕೈಗೆ ಬಂದ ಜನತಾ, ಪೈಲಟ್‌ಗಳಲ್ಲಿ ಕ್ರೌನ್ ಬರೀ ಇತ್ತು. ಚಪ್ಪಟೆ ತಲೆ, ಸಣ್ಣ ಹಲ್ಲು, ಅಷ್ಟೇ. ಆದ್ದರಿಂದ ಗುರುತಿಲ್ಲ ಅಂತ ವಾಚನ್ನು ತಳ್ಳಿಹಾಕಬೇಡಿ. ನೋಡಬೇಕಾದ್ದು ಡಯಲ್ ಮತ್ತು ಮೆಷಿನ್ ಒಂದಕ್ಕೊಂದು ಹೊಂದುತ್ತವಾ ಅನ್ನುವುದನ್ನು. ಮೊದಮೊದಲ ವಾಚುಗಳ ಡಯಲ್ ಮೇಲೆ ಎಚ್‌ಎಂಟಿ ಜೊತೆ ಸಿಟಿಜನ್ ಹೆಸರೂ ಇರುತ್ತಿತ್ತು. ಮೆಷಿನ್ನಿನ ಮೂಲ ಸಿಟಿಜನ್ ವಿನ್ಯಾಸ. ಹಾಗಾಗಿ ಹಳೆ ಎಚ್‌ಎಂಟಿ ಮೇಲೆ ಸಿಟಿಜನ್ ಕ್ರೌನ್ ಕಂಡರೆ ಯಾರೋ ಹೊಂದುವ ಭಾಗ ಹುಡುಕಿ ಹಾಕಿದ್ದಾರೆ ಅಂತ ಇಟ್ಟುಕೊಳ್ಳಿ. ಒಮ್ಮೆ ಒಮೆಗಾ ಗುರುತಿನ ಕ್ರೌನ್ ಇರುವ ಜನತಾ ನೋಡಿದ್ದೆ. ಮಾರುವವನು ಅದಕ್ಕೆ ಜಾಸ್ತಿ ರೇಟು ಹೇಳಿದ.

ವಾಚು ವಿಭಾಗ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಆಮೇಲೆ ಹಳೆ ಎಚ್‌ಎಂಟಿಗಳಿಗೆ ಬೇಡಿಕೆ ಏರಿತು, ಹೊಸ ಬಣ್ಣದ ಡಯಲ್‌ಗಳೂ ಏರಿದವು. ಅಸಲಿ ಹೇಗಿರುತ್ತದೆ ಅಂತ ಕಣ್ಣು ಪಳಗಿಸಬೇಕಾದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಒಂದು ಮಧ್ಯಾಹ್ನ ಹೋಗಿಬನ್ನಿ.

ರೋಲೆಕ್ಸ್ ಕ್ರೌನ್ ಮೇಲೆ ಯಾವಾಗ ಏನು ಬರೆದಿರ್ತಿತ್ತು?

ಇಲ್ಲಿ ಕಥೆ ಚೆನ್ನಾಗಿದೆ, ಸ್ವಲ್ಪ ಕೂತು ಓದಿ.

ಕೇಸು ಅಂದರೆ ಮೆಷಿನ್ ಕೂರುವ ವಾಚಿನ ಹೊರಮೈ. ನೀರು ಹೋಗದ ಆಯ್ಸ್ಟರ್ ಕೇಸನ್ನು ರೋಲೆಕ್ಸ್ ತಂದಿದ್ದು 1926ರಲ್ಲಿ. ಅದರ ಜೀವಾಳವೇ ತಿರುಗಿಸಿ ಬಿಗಿ ಮಾಡುವ ಕ್ರೌನ್. ಅದರ ಪೇಟೆಂಟ್ ಬೇರೆ ಇಬ್ಬರ ಹೆಸರಿನಲ್ಲಿತ್ತು, ರೋಲೆಕ್ಸ್ ಸ್ಥಾಪಕ ಹ್ಯಾನ್ಸ್ ವಿಲ್ಸ್‌ಡಾರ್ಫ್ ಅದನ್ನು ಕೊಂಡರು. 1927ರಲ್ಲಿ ಮರ್ಸಿಡಿಸ್ ಗ್ಲೀಟ್ಸ್ ಅನ್ನುವ ಈಜುಗಾರ್ತಿ ಇಂಗ್ಲಿಷ್ ಕಾಲುವೆಯ ಈಜಿನಲ್ಲಿ ಈ ವಾಚನ್ನು ಜೊತೆಗೆ ಒಯ್ದರು. ಅದು ದೊಡ್ಡ ಜಾಹೀರಾತಾಯಿತು.

ಪೇಟೆಂಟ್ ಮೇಲೆ ಅಷ್ಟು ಹೆಮ್ಮೆ ಇದ್ದಿದ್ದರಿಂದಲೇ ಆ ಕಾಲದ ಕ್ರೌನ್‌ಗಳ ಮೇಲೆ ಚಿತ್ರಕ್ಕಿಂತ ಅಕ್ಷರ ಮುಖ್ಯ. ರೋಲೆಕ್ಸ್, ಆಯ್ಸ್ಟರ್, ಪೇಟೆಂಟ್ ಅನ್ನುವ ಪದಗಳು, ಜೊತೆಗೆ ಕೂಡಿಸುವ ಚಿಹ್ನೆ ಥರದ ಸ್ವಿಸ್ ಶಿಲುಬೆ. ರೋಲೆಕ್ಸಿನ ಲೋಗೋ ಆದ ಐದು ಮೊನೆಯ ಕಿರೀಟ ಆಗ ಕ್ರೌನ್ ಮೇಲೆ ಇರಲಿಲ್ಲ. ಅದು ಕ್ರೌನ್ ಮೇಲೆ ನೆಲೆಯಾಗಿದ್ದು 1950ರ ದಶಕದಲ್ಲಿ. ಆಗಿನ ಕೆಲವು ಕ್ರೌನ್‌ಗಳಲ್ಲಿ ಕಿರೀಟದ ಕೆಳಗೆ ಬ್ರೆವೆ ಅಂತ ಸಣ್ಣಕ್ಷರ ಇರುತ್ತದೆ. ಫ್ರೆಂಚಿನಲ್ಲಿ ಪೇಟೆಂಟ್ ಅಂತ ಅರ್ಥ. 8 ಮಿಲಿಮೀಟರಿನ ದೊಡ್ಡ ಕ್ರೌನ್ ಇರುವ ಆರಂಭದ ಸಬ್‌ಮರಿನರ್‌ಗಳಲ್ಲಿ (ರೋಲೆಕ್ಸಿನ ಮುಳುಗುಗಾರರ ವಾಚು) ಈ ಬ್ರೆವೆ ಕ್ರೌನ್ ಇದ್ದರೆ ಅದಕ್ಕೇ ಬೇರೆ ಬೆಲೆ. ಅದಕ್ಕೇ ನಕಲಿಯೂ ಜಾಸ್ತಿ.

ಒಟ್ಟಿನಲ್ಲಿ 1930ರ ದಶಕದ ಆಯ್ಸ್ಟರ್ ಮೇಲೆ ಕಿರೀಟದ ಗುರುತು ಕಂಡರೆ ಕ್ರೌನ್ ಆಮೇಲೆ ಬಂದಿದ್ದು.

ಕಿರೀಟದ ಕೆಳಗೆ ಗೆರೆ, ಚುಕ್ಕೆ ಇರುತ್ತಲ್ಲ, ಅದೇನು?

ಅದು ಅಲಂಕಾರಕ್ಕೆ ಹಾಕಿದ್ದಲ್ಲ. ನೀರು ತಡೆಯುವ ವ್ಯವಸ್ಥೆ ಯಾವುದು ಅಂತ ಹೇಳುವ ಗುರುತು. 1953ರಲ್ಲಿ ಟ್ವಿನ್‌ಲಾಕ್ ಬಂತು. ಸ್ಟೀಲ್ ವಾಚಿನ ಟ್ವಿನ್‌ಲಾಕ್ ಕ್ರೌನ್‌ನಲ್ಲಿ ಕಿರೀಟದ ಕೆಳಗೆ ಸಣ್ಣ ಅಡ್ಡಗೆರೆ ಕಾಣುತ್ತದೆ. 1970ರಲ್ಲಿ ಆಳದ ನೀರಿಗೆ ಇಳಿಯುವ ವಾಚುಗಳಿಗೆ ಅಂತ ಟ್ರಿಪ್‌ಲಾಕ್ ಬಂತು. ಅದಕ್ಕೆ ಮೂರು ಚುಕ್ಕೆ.

ಹಳೆ ವಾಚಿನ ಲೆಕ್ಕಕ್ಕೆ ಮೂರು ಚುಕ್ಕೆ ಒಂದು ಬೇಲಿ ಇದ್ದ ಹಾಗೆ. 1965ರ ಸಬ್‌ಮರಿನರ್ ಮೇಲೆ ಮೂರು ಚುಕ್ಕೆ ಇದೆಯಾ? ಬದಲಾಗಿದೆ, ಮಾತೇ ಇಲ್ಲ. ಟ್ರಿಪ್‌ಲಾಕ್ ಕೂರಿಸಬೇಕಾದರೆ ಟ್ಯೂಬನ್ನೂ ಬದಲಾಯಿಸಬೇಕು. ಅಂದರೆ ಹಳೆ ಕ್ರೌನ್ ಹುಡುಕಿ ತಂದರೂ ಅದು ಈಗಿನ ಟ್ಯೂಬಿಗೆ ಕೂರಲ್ಲ. ಕೊಳ್ಳುವಾಗ ಈ ಖರ್ಚನ್ನೂ ಸೇರಿಸಿ ಯೋಚಿಸಿ.

ಟ್ಯೂಡರ್ ವಾಚಿಗೆ ರೋಲೆಕ್ಸ್ ಕ್ರೌನ್ ಹಾಕಿ ಮೋಸ ಮಾಡಿದ್ದಾರೆ ಅನ್ಸತ್ತೆ, ಅಲ್ವಾ?

ಮೋಸ ಅಲ್ಲ, ಅದೇ ಸರಿ. ಟ್ಯೂಡರ್ ರೋಲೆಕ್ಸಿನ ತಮ್ಮ. ಹಳೆ ಟ್ಯೂಡರ್ ಆಯ್ಸ್ಟರ್‌ಗಳಿಗೆ ಕೇಸು, ಕ್ರೌನ್ ಎರಡೂ ರೋಲೆಕ್ಸಿನಿಂದಲೇ ಬರುತ್ತಿದ್ದವು. 1960, 70ರ ದಶಕದ ಟ್ಯೂಡರ್ ಸಬ್‌ಮರಿನರ್ ಮೇಲೆ ರೋಲೆಕ್ಸ್ ಕಿರೀಟ ಇರಲೇಬೇಕು. ಟ್ಯೂಡರ್ ಸ್ವಂತ ಗುರುತಿನ ಕ್ರೌನ್‌ಗಳು ಈ ಸಾಲಿನಲ್ಲಿ ಮಾಮೂಲಾಗಿದ್ದು 1990ರ ದಶಕದಲ್ಲಿ. ಡಯಲ್ ಮೇಲಿನ ಗುಲಾಬಿ, ಗುರಾಣಿಯ ಕಥೆ ಬೇರೆ. ಗುಲಾಬಿ ಹೋಗಿ ಗುರಾಣಿ ಬಂದಿದ್ದು 1969ರ ಹೊತ್ತಿಗೆ. ಅದನ್ನು ಕ್ರೌನಿಗೆ ಹಚ್ಚಬೇಡಿ.

ಒಮೆಗಾ ಕ್ರೌನಿನಲ್ಲಿ ಹಳೇದು ಯಾವ್ದು ಹೊಸದು ಯಾವ್ದು ಗೊತ್ತಾಗಲ್ಲ. ಎಲ್ಲಾ ಒಂದೇ ಥರ ಕಾಣತ್ತೆ.

ಒಮೆಗಾ ಗುರುತನ್ನು ಒಂದು ಮನುಷ್ಯನ ಹಾಗೆ ನೋಡಿ. ತಲೆ ದುಂಡಗೆ, ಕೆಳಗೆ ಎರಡು ಪಾದ. ಕಾಲ ಬದಲಾದ ಹಾಗೆ ಪಾದ ಬದಲಾಗಿದೆ. ಸಂಗ್ರಹಕಾರರು ಚಪ್ಪಟೆ ಪಾದ ಅನ್ನುವುದು ಇದಕ್ಕೇ. 1950, 60ರ ದಶಕದ ಸ್ಪೀಡ್‌ಮಾಸ್ಟರ್ ಕ್ರೌನ್‌ಗಳಲ್ಲಿ ಪಾದ ನೆಲಕ್ಕೆ ಊರಿದ ಹಾಗೆ ಚಪ್ಪಟೆ ಇರುತ್ತದೆ, ಹಲ್ಲುಗಳು 24. ಆಮೇಲೆ ಸರ್ವಿಸ್‌ನಲ್ಲಿ ಹಾಕಿದ ಕ್ರೌನ್‌ಗಳಲ್ಲಿ ಪಾದದ ಆಕಾರವೂ ಬೇರೆ, ಹಲ್ಲಿನ ಲೆಕ್ಕವೂ ಬೇರೆ. ಹಲ್ಲು ಎಣಿಸೋದು ಹುಚ್ಚು ಕೆಲಸ ಅನ್ನಿಸುತ್ತೆ. ಫೋಟೋ ದೊಡ್ಡದು ಮಾಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಎಣಿಸಿ, ತಪ್ಪಲ್ಲ.

ಇನ್ನು ಕ್ರೌನಿನ ಆಕಾರ. 1952ರಲ್ಲಿ ಬಂದ ಕಾನ್‌ಸ್ಟಲೇಶನ್‌ನ ಹಳೆ ಮಾಡೆಲ್‌ಗಳಲ್ಲಿ ಕ್ರೌನ್ ದುಂಡಗಿಲ್ಲ, ಹತ್ತು ಮುಖದ್ದು. ಕೈಯಲ್ಲಿ ಹಿಡಿದರೆ ನಟ್ಟಿನ ಹಾಗೆ ಸಿಗುತ್ತದೆ. ಅದರ ಜಾಗದಲ್ಲಿ ಮಾಮೂಲಿ ಗೀರಿನ ಕ್ರೌನ್ ಇರುವ ಕಾನ್‌ಸ್ಟಲೇಶನ್‌ಗಳು ಪೇಟೆಯಲ್ಲಿ ರಾಶಿ. ಸೀಮಾಸ್ಟರ್ ಬಂದಿದ್ದು 1948ರಲ್ಲಿ. 1950ರ ದಶಕದ ಸೀಮಾಸ್ಟರ್‌ಗಳಲ್ಲಿ ಹೂವಿನ ದಳದ ಹಾಗೆ ದಪ್ಪ ಏರಿಳಿತದ ಕ್ರೌನ್ ಸಿಗುತ್ತದೆ. ಹಲ್ಲು ಸಣ್ಣಗೆ, ಒತ್ತಾಗಿದ್ದು ತಲೆ ಚಪ್ಪಟೆ ಇರುವ ಕ್ರೌನ್ ಹೆಚ್ಚಾಗಿ ಆಮೇಲಿನದು.

ನನ್ನ ಸ್ವಂತ ಅಭಿಪ್ರಾಯ: ಒಮೆಗಾದಲ್ಲಿ ಆಕಾರ ಮೊದಲು, ಗುರುತು ಆಮೇಲೆ. ಗುರುತನ್ನು ಯಾರು ಬೇಕಾದರೂ ಕೆತ್ತಬಹುದು. ಹತ್ತು ಮುಖ ಸಮನಾಗಿ ಕಡಿಯೋಕೆ ಒಳ್ಳೆ ಯಂತ್ರ ಬೇಕು.

ಸೈಕೋ 5ರ ಕ್ರೌನ್ ಬರೀ ಯಾಕೆ?

ಅದು ಕಾಣಬಾರದು ಅಂತಲೇ ಮಾಡಿದ್ದು. ತಾನೇ ಕೀ ಕೊಟ್ಟುಕೊಳ್ಳುವ ವಾಚು, ಕ್ರೌನ್ ಮುಟ್ಟುವ ಅಗತ್ಯ ಕಡಿಮೆ. ಅದಕ್ಕೇ ನಾಲ್ಕು ಗಂಟೆ ಜಾಗದಲ್ಲಿ ಕೇಸಿನ ಒಳಗೆ ಅಡಗಿಸಿಟ್ಟರು. ಹಾಗಾಗಿ 1970ರ ದಶಕದ ಸೈಕೋ 5 ಮೇಲೆ ದೊಡ್ಡದಾಗಿ ಹೆಸರು ಇರುವ ಕ್ರೌನ್ ಕಂಡರೆ ಅನುಮಾನ ಪಡಿ. ಅದೇ ಕಂಪನಿಯ ದುಬಾರಿ ಸಾಲಿನಲ್ಲಿ ಗುರುತು ಉಂಟು. ಗ್ರಾಂಡ್ ಸೈಕೋದಲ್ಲಿ ಜಿಎಸ್, ಕಿಂಗ್ ಸೈಕೋದಲ್ಲಿ ಕೆಎಸ್. 44 ಸರಣಿಯ ಕಿಂಗ್ ಸೈಕೋದಲ್ಲಿ ಡಬ್ಲ್ಯು ಸೈಕೋ ಅಂತ ಇರುವುದೂ ಉಂಟು. ಆ ಡಬ್ಲ್ಯು ವಾಟರ್‌ಪ್ರೂಫ್‌ನದು.

ಲಾಂಜೀನ್, ಪಟೆಕ್, ವಾಶೆರಾನ್ ಇವುಗಳ ಗುರುತು?

ಲಾಂಜೀನ್‌ನದು ರೆಕ್ಕೆ ಇರುವ ಮರಳು ಗಡಿಯಾರ, 1889ರಲ್ಲಿ ನೋಂದಾಯಿಸಿದ್ದು. ಪಟೆಕ್ ಫಿಲಿಪ್‌ನದು ಕಾಲಟ್ರಾವಾ ಶಿಲುಬೆ, 1887. ವಾಶೆರಾನ್ ಕಾನ್‌ಸ್ಟಾಂಟಿನ್‌ನದು ಮಾಲ್ಟಾ ಶಿಲುಬೆ, 1880. ಈ ವರ್ಷಗಳು ಟ್ರೇಡ್‌ಮಾರ್ಕಿನವು, ಕ್ರೌನಿನವಲ್ಲ. ಮಾರುವವರು ಇದನ್ನು ಬೇಕಂತಲೇ ಕಲಸುತ್ತಾರೆ.

## ಲೂಪ್ ಹಿಡಿದವರಿಗೆ

ಲೂಪಿನಲ್ಲಿ ಏನು ನೋಡಬೇಕು ಸಾರ್? ನಂಗೆ ಎಲ್ಲಾ ಹೊಳಪೇ ಕಾಣತ್ತೆ.

10 ಪಟ್ಟಿನ ಲೂಪ್ ಸಾಕು. ಟ್ಯೂಬ್‌ಲೈಟ್ ಕೆಳಗೆ ಬೇಡ, ಬೆಳಗಿನ ಕಿಟಕಿ ಬೆಳಕಿಗೆ ಹಿಡಿಯಿರಿ. ಬೆಳಕು ಅಡ್ಡವಾಗಿ ಬೀಳಲಿ.

ನನ್ನ ಹತ್ತಿರ ಹಳೆ ಬಾಮ್ ಡಬ್ಬಿಯಲ್ಲಿ ಎರಡು ಒಮೆಗಾ ಕ್ರೌನ್ ಇವೆ, ಒಂದು ಅಸಲಿ, ಒಂದು ನಕಲಿ. ಯಾರಾದರೂ ಕಲಿಯೋಕೆ ಬಂದರೆ ಅವನ್ನೇ ಕೊಡುತ್ತೇನೆ. ಅಸಲಿಯಲ್ಲಿ ಗುರುತು ಮೈಯಿಂದ ಮೇಲೆದ್ದಿದೆ. ಅದರ ಮೇಲ್ಮೈ ಸವೆದು ನುಣ್ಣಗಾಗಿದೆ, ಆದರೆ ಬುಡದ ಗೆರೆ ಇನ್ನೂ ಚೂಪು. ಪಾದದ ಮೂಲೆಯಲ್ಲಿ ಕಪ್ಪು ಕೊಳೆ ಗಟ್ಟಿಯಾಗಿ ಕೂತಿದೆ. ಹಲ್ಲಿನ ತುದಿಗಳಲ್ಲಿ ಚಿನ್ನದ ಲೇಪ ಹೋಗಿ ಹಿತ್ತಾಳೆ ಇಣುಕುತ್ತಿದೆ. ಹಲ್ಲಿನ ನಡುವಿನ ಸಂದಿಯಲ್ಲಿ ಚಿನ್ನ ಹಾಗೇ ಇದೆ. ಬೆರಳು ತಾಗಿದ ಕಡೆ ಸವೆದಿದೆ, ತಾಗದ ಕಡೆ ಉಳಿದಿದೆ.

ನಕಲಿಯಲ್ಲಿ ಗುರುತಿನ ಬುಡ ಕರಗಿದ ಮೇಣದ ಹಾಗೆ ಮೆತ್ತಗಿದೆ. ಮೈಮೇಲೆ ಸಣ್ಣ ಸಣ್ಣ ಗುಳಿ. ಎರಡು ಪಾದದಲ್ಲಿ ಒಂದು ದಪ್ಪ, ಒಂದು ಸಣ್ಣ. ಅಚ್ಚಿನಲ್ಲಿ ಎರಕ ಹೊಯ್ದಿದ್ದು ಅದು. ಈಗೀಗ ಲೇಸರ್‌ನಲ್ಲಿ ಗೀಚಿದವೂ ಬರುತ್ತಿವೆ. ಅವುಗಳಲ್ಲಿ ಗೆರೆಗೆ ಆಳ ಇಲ್ಲ, ಸುಟ್ಟ ಹಾಗೆ ಬೂದು ಬಣ್ಣ. ಒಮ್ಮೆ ನೋಡಿದರೆ ಮರೆಯಲ್ಲ.

ಕ್ರೌನ್ ಫಳಫಳ ಅಂತಿದೆ, ವಾಚು ಮಾತ್ರ ಹಳೇದು. ಯಾರೂ ಉಪಯೋಗಿಸದೆ ಇಟ್ಟಿರಬಹುದಾ?

ಇರಬಹುದು, ಆದರೆ ಹಾಗಾದರೆ ಇಡೀ ವಾಚು ಫಳಫಳ ಅನ್ನಬೇಕು. ಕೇಸಿನ ಕಿವಿಗಳ (ಬೆಲ್ಟ್ ಸೇರಿಸುವ ಚಾಚುಗಳು) ಕೆಳಗೆ, ಮುಚ್ಚಳದ ಅಂಚಿನಲ್ಲಿ ನೋಡಿ. ಅಲ್ಲಿ ಲೇಪ ಹೋಗಿದ್ದು ಕ್ರೌನ್ ಮಾತ್ರ ಹೊಸದಾಗಿದ್ದರೆ ಎರಡೂ ಒಟ್ಟಿಗೆ ಬದುಕಿಲ್ಲ. ಉಲ್ಟಾನೂ ನಿಜ. ಕೇಸು ಪಾಲಿಶ್ ಆಗಿ ಮಿಂಚುತ್ತಿದ್ದು ಕ್ರೌನ್ ಸವೆದಿದ್ದರೆ ಕ್ರೌನೇ ಪ್ರಾಮಾಣಿಕ. ಅಂಥ ಕಡೆ ನಾನು ಕೇಸಿನ ಅಂಚು ಎಷ್ಟು ತೆಳುವಾಗಿದೆ ಅಂತ ನೋಡುತ್ತೇನೆ.

ಬಣ್ಣವನ್ನೂ ಹೋಲಿಸಿ. ಚಿನ್ನದ ಲೇಪದಲ್ಲಿ ಹಳದಿ, ಕೆಂಪು ಛಾಯೆ ಬೇರೆ ಬೇರೆ. ಕೇಸು ಕೆಂಪು ಚಿನ್ನದ್ದಾಗಿ ಕ್ರೌನ್ ನಿಂಬೆ ಹಳದಿ ಇದ್ದರೆ ಲೂಪ್ ಬೇಕಿಲ್ಲ.

ಕ್ರೌನ್ ಬದಲಾಗಿದೆ ಅಂತ ಕೇಸು ನೋಡಿ ಹೇಳಬಹುದು ಅಂತೀರಲ್ಲ, ಹೇಗೆ?

ಕ್ರೌನ್ ಎಷ್ಟೋ ವರ್ಷ ಒಂದೇ ಜಾಗದಲ್ಲಿ ಕೂತು ಕೇಸಿನ ಪಕ್ಕೆಗೆ ತಾಗುತ್ತಾ ತಿರುಗುತ್ತದೆ. ಅಲ್ಲಿ ತೆಳುವಾದ ಉಂಗುರದ ಗುರುತು ಬೀಳುತ್ತದೆ. ಗೋಡೆ ಮೇಲಿಂದ ಹಳೆ ಕ್ಯಾಲೆಂಡರ್ ತೆಗೆದಾಗ ಚೌಕದ ಗುರುತು ಉಳಿಯುತ್ತಲ್ಲ, ಹಾಗೆ. ಕ್ರೌನ್ ಹೊರಗೆ ಎಳೆದು ಆ ಉಂಗುರ ನೋಡಿ. ಈಗಿನ ಕ್ರೌನ್ ಆ ಉಂಗುರಕ್ಕಿಂತ ಚಿಕ್ಕದಾಗಿದ್ದರೆ ಮೊದಲು ಇದ್ದಿದ್ದು ದೊಡ್ಡದು.

ಇನ್ನೊಂದು, ಸಂದು. ಕ್ರೌನ್ ಪೂರ್ತಿ ಒಳಗಿದ್ದಾಗಲೂ ಕೇಸಿಗೂ ಅದಕ್ಕೂ ನಡುವೆ ಬೆಳಕು ಜಾಸ್ತಿ ಕಂಡರೆ ಸ್ಟೆಮ್ಮಿನ ಉದ್ದ ಸರಿ ಇಲ್ಲ ಅಥವಾ ಕ್ರೌನ್ ಬೇರೆ ವಾಚಿನದು. ನಾನು ಮೊದಲ ಕೆಲವು ವರ್ಷ ಇದನ್ನು ನೋಡಲೇ ಇಲ್ಲ. ಲೋಗೋ ಕಂಡ ಖುಷಿಯಲ್ಲೇ ದುಡ್ಡು ಕೊಟ್ಟು ಬರುತ್ತಿದ್ದೆ.

ಕ್ರೌನ್ ಬಿಚ್ಚಿದ್ರೆ ಒಳಗೆ ಏನಾದ್ರೂ ಗೊತ್ತಾಗತ್ತಾ?

ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ, ನೀವು ಪಕ್ಕದಲ್ಲಿ ನಿಂತು ನೋಡಿ. ನೋಡಬೇಕಾದ್ದು ಮೂರು.

ಮೊದಲು ಥ್ರೆಡ್. ಕೈಗಡಿಯಾರಗಳಲ್ಲಿ 0.9 ಮಿಲಿಮೀಟರ್ ಥ್ರೆಡ್ ಬಹಳ ಮಾಮೂಲು, ಬೇರೆ ಅಳತೆಗಳೂ ಉಂಟು. ಅಳತೆ ಹೊಂದದ ಕ್ರೌನನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಥ್ರೆಡ್ ತುಂಬಾ ಹಳದಿ ಅಂಟು ಕಂಡರೆ ಕಥೆ ಗೊತ್ತಾಯಿತಲ್ಲ. ಎರಡನೆಯದು ರಬ್ಬರ್ ಉಂಗುರ. ಹಳೇದಾದರೆ ಅದು ಡಾಂಬರಿನ ಹಾಗೆ ಕರಗಿ ಅಂಟಿಕೊಂಡಿರುತ್ತದೆ ಅಥವಾ ಪುಡಿಯಾಗಿರುತ್ತದೆ. ಹೊಸ ಕಪ್ಪು ರಬ್ಬರ್ ಇದ್ದರೆ ಬರೀ ಉಂಗುರ ಬದಲಾಗಿರಬಹುದು, ಅದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಮೂರನೆಯದು ಕ್ರೌನಿನ ಒಳಮೈ. ಚಿನ್ನದ ತಗಡನ್ನು ಹಿತ್ತಾಳೆಯ ಮೇಲೆ ಮಡಿಸಿ ಮಾಡಿದ ಹಳೆ ಕ್ರೌನ್ ಆದರೆ ಮಡಿಕೆಯ ಅಂಚು ಒಳಗಡೆ ಕಾಣುತ್ತದೆ. ಬರೀ ಲೇಪ ಹಾಕಿದ್ದರಲ್ಲಿ ಆ ಅಂಚು ಇರಲ್ಲ.

ಸರ್ವಿಸ್ ಕ್ರೌನ್ ಅಂದ್ರೆ ಡೂಪ್ಲಿಕೇಟ್ ಅಂತನಾ?

ಅಲ್ಲ. ಕಂಪನಿಯೇ ಮಾಡಿ, ರಿಪೇರಿಗೆ ಅಂತ ಆಮೇಲೆ ಕೊಟ್ಟಿದ್ದು. ಅಸಲಿ, ಆದರೆ ಮೂಲದ್ದಲ್ಲ. ಹಳೆ ವಾಚಿನ ಮಾತಿನಲ್ಲಿ ಈ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಜಗಳ ಕಡಿಮೆ. 1962ರ ವಾಚಿಗೆ 1980ರಲ್ಲಿ ಕಂಪನಿಯ ಕ್ರೌನ್ ಹಾಕಿಸಿದವರು ಒಳ್ಳೆ ಮಾಲೀಕರು. ದುಡ್ಡು ಕೊಟ್ಟು ಸರಿಯಾದ ಕಡೆ ರಿಪೇರಿ ಮಾಡಿಸಿದ್ದಾರೆ. ನಾನಂತೂ ಅಂಥ ವಾಚನ್ನು ಬಿಡಲ್ಲ. ಮಾರುವವರು ಎಲ್ಲಾ ಒರಿಜಿನಲ್ ಅಂದರೆ ಮಾತ್ರ ನಕ್ಕು ರೇಟು ಇಳಿಸುತ್ತೇನೆ. ಎಷ್ಟು ಇಳಿಸೋದು? ಆ ಕಾಲದ ಸರಿಯಾದ ಕ್ರೌನ್ ಹುಡುಕಿ ತರೋಕೆ ಎಷ್ಟಾಗುತ್ತೋ ಅಷ್ಟು.

ಕಂಪನಿಗೆ ಬರೆದು ಕೇಳಿದ್ರೆ ಇದೇ ಕ್ರೌನ್ ಇತ್ತು ಅಂತ ಹೇಳ್ತಾರಾ?

ಹಳೆ ಸ್ವಿಸ್ ಕಂಪನಿಗಳು ಲೆಡ್ಜರ್ ನೋಡಿ ವಿವರ ಕೊಡುವುದುಂಟು. ಮೆಷಿನ್ ನಂಬರ್, ತಯಾರಾದ ಅಥವಾ ಕಳಿಸಿದ ದಿನ, ಯಾವ ದೇಶಕ್ಕೆ ಹೋಯಿತು ಇಂಥವು ಸಿಗುತ್ತವೆ. ಕ್ರೌನ್ ಯಾವುದು ಅನ್ನುವುದನ್ನು ಹುಡುಕೋಕೆ ಹೋಗಿ ನಿರಾಶರಾಗಬೇಡಿ. ಅದಕ್ಕೆ ಆ ಕಾಲದ ಕ್ಯಾಟಲಾಗ್, ಜಾಹೀರಾತುಗಳ ಚಿತ್ರವೇ ಒಳ್ಳೆಯ ಸಾಕ್ಷಿ. ಅದೇ ಮಾಡೆಲ್, ಅದೇ ವರ್ಷದ ಐದಾರು ವಾಚುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ನಾಲ್ಕರಲ್ಲಿ ಒಂದೇ ಥರದ ಕ್ರೌನ್ ಇದ್ದು ನಿಮ್ಮದರಲ್ಲಿ ಬೇರೆ ಇದ್ದರೆ ಉತ್ತರ ಸಿಕ್ಕ ಹಾಗೆ.

ಹಲ್ಲಿನ ಸಂದಿಯಲ್ಲಿ ಕೊಳೆ ತುಂಬಿದೆ. ಹುಣಸೆಹಣ್ಣು ಹಾಕಿ ಉಜ್ಜಲಾ?

ದಯವಿಟ್ಟು ಬೇಡ. ಹುಣಸೆಹಣ್ಣು ತಾಮ್ರದ ಚೊಂಬಿಗೆ. ಪಾತ್ರೆ ಪುಡಿ, ಹಲ್ಲುಪುಡಿ, ನಿಂಬೆಹಣ್ಣು ಯಾವುದೂ ಬೇಡ. ಉಳಿದ ಲೇಪವೂ ಹೋಗುತ್ತದೆ, ನೀರು ಟ್ಯೂಬಿನೊಳಗೆ ಇಳಿದು ಸ್ಟೆಮ್ ತುಕ್ಕು ಹಿಡಿಯುತ್ತದೆ. ಮರದ ಹಲ್ಲುಕಡ್ಡಿ ತಗೊಂಡು ಒಣಗಿದ್ದನ್ನೇ ನಿಧಾನವಾಗಿ ಕೆದಕಿ. ಲೋಗೋ ಮೂಲೆಯ ಕೊಳೆ ಬಿಟ್ಟುಬಿಡಿ. ನಾಳೆ ಯಾರಾದರೂ ಅನುಮಾನ ಪಟ್ಟರೆ ಆ ಕೊಳೆಯೇ ನಿಮ್ಮ ಸಾಕ್ಷಿ.

ಮೂಲ ಕ್ರೌನ್ ಪೂರ್ತಿ ಸವೆದಿದೆ, ಕೀ ಕೊಡೋಕೆ ಜಾರತ್ತೆ. ಬದಲಾಯಿಸ್ಲಾ, ಬಿಡ್ಲಾ?

ದಿನಾ ಕಟ್ಟುವ ವಾಚಾದರೆ ಬದಲಾಯಿಸಿ. ಜಾರುವ ಕ್ರೌನನ್ನು ಉಗುರಿನಲ್ಲಿ ಒತ್ತಿ ಒತ್ತಿ ತಿರುಗಿಸಿ ಸ್ಟೆಮ್ ಮುರಿದುಕೊಂಡವರನ್ನು ನೋಡಿದ್ದೇನೆ. ಹಳೆಯದನ್ನು ಮಾತ್ರ ಎಸೆಯಬೇಡಿ. ಚಿಕ್ಕ ಪ್ಲಾಸ್ಟಿಕ್ ಕವರಿಗೆ ಹಾಕಿ, ವಾಚಿನ ನಂಬರ್ ಬರೆದು, ಡಬ್ಬಿಯಲ್ಲಿ ಇಡಿ. ಮುಂದೆ ವಾಚು ಮಾರಿದರೆ ಆ ಕವರೂ ಜೊತೆಗೆ ಹೋಗಲಿ. ಕಟ್ಟದೆ ಬೀರುವಿನಲ್ಲೇ ಇಡುವ ವಾಚಾದರೆ ಹಾಗೇ ಬಿಡಿ.

ರಿಪೇರಿಗೆ ಕೊಟ್ಟಾಗ ಕ್ರೌನ್ ಬದಲಾಗಿ ಬಂತು. ಏನು ಮಾಡೋದು?

ನನಗೂ ಆಗಿದೆ. 1960ರ ದಶಕದ ಒಂದು ಸ್ವಿಸ್ ವಾಚನ್ನು ಊರಿನ ಒಂದು ಅಂಗಡಿಯಲ್ಲಿ ಎಣ್ಣೆ ಹಾಕಿಸೋಕೆ ಕೊಟ್ಟಿದ್ದೆ. ವಾರದ ಮೇಲೆ ಹೋದರೆ ವಾಚು ಚೆನ್ನಾಗಿ ಓಡುತ್ತಿದೆ, ಪಕ್ಕದಲ್ಲಿ ಹೊಸ ಕ್ರೌನ್ ಮಿಂಚುತ್ತಿದೆ. "ಹಳೇದು ಸವೆದುಹೋಗಿತ್ತು ಸಾರ್, ಹೊಸದು ಹಾಕಿದೀವಿ, ಅದಕ್ಕೆ ದುಡ್ಡು ಬೇಡ" ಅಂದರು. ಖುಷಿಯಿಂದಲೇ ಅಂದರು, ಅದೇ ಕಷ್ಟ. ಹಳೆಯದು ಎಲ್ಲಿ ಅಂದೆ. ಕಸದ ಬುಟ್ಟಿ ತೋರಿಸಿದರು. ಬುಟ್ಟಿ ಆಗಲೇ ಖಾಲಿಯಾಗಿತ್ತು.

ಈಗ ಕೊಡುವ ಮೊದಲು ಕ್ರೌನಿನ ಹತ್ತಿರದ ಫೋಟೋ ತೆಗೆಯುತ್ತೇನೆ, ನೆಟ್ಟಗೆ ಒಂದು, ಪಕ್ಕದಿಂದ ಒಂದು. ಫೋಟೋದಲ್ಲಿ ಅಂಗಡಿಯ ಚೀಟಿಯೂ ಇರಲಿ. ಆ ಚೀಟಿಯ ಮೇಲೆ ಅವರ ಕೈಯಲ್ಲೇ ಎರಡು ಸಾಲು ಬರೆಸುತ್ತೇನೆ: ಕ್ರೌನ್ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಫೋನ್ ಮಾಡಿ, ಹಳೆಯದು ವಾಪಸ್ ಕೊಡಿ. ಮೊದಲ ಸಲ ಬರೆಸಿದಾಗ ಕೌಂಟರಿನವರು ನನ್ನ ಮುಖ ನೋಡಿದರು. ಈಗ ನಾನು ವಾಚು ಕೌಂಟರಿನ ಮೇಲಿಟ್ಟ ಕೂಡಲೇ ಅವರೇ ಪೆನ್ನು ತೆಗೆಯುತ್ತಾರೆ.